ಜೋಳದ ಪಾಳಿ

ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನ ಹಿರಿಯರೊಬ್ಬರು ಪಕ್ಕದವರಿಗೆ ಹೇಳುತ್ತಿದ್ದರು: “ನಮ್ಮ ಜ್ವಾಳಾ ಉಂಡು ಬೆಳದಾಂವ, ಪಾಳೆ ಬಂದ ಕೂಡ್ಲೆ ಮತ್ತೊಬ್ಬರ ಬಾಗಲದಾಗ ಹೋಗಿ ನಿಂತಾನ ನೋಡ್ರಿ.” ಪಕ್ಷ ಬಿಟ್ಟು ಪಕ್ಷಕ್ಕೆ ಹಾರಿದ ಯಾವನೋ ಪುಢಾರಿಯ ಮಾತು ಅದು. ಅವನು ಯಾರೆಂದು ತಿಳಿಯುವ ಆಸೆ ನನಗಾಗಲಿಲ್ಲ. ಒಂದೇ ಉಸಿರಿನಲ್ಲಿ ಜೋಳ, ಪಾಳೆ ಎರಡೂ ಕೂಡಿ ಬಂದದ್ದನ್ನು ಕೇಳಿ ಮೈ ಜುಮ್ಮೆಂದಿತು. ಸಾವಿರ ವರ್ಷದ ಹಿಂದೆ ಕನ್ನಡದಲ್ಲಿ ಜೋಡಿಯಾಗಿ ಬಾಳಿದ ಪದಗಳು ಅವು. ಆ ಹಿರಿಯರಿಗೆ ಅದು ಗೊತ್ತಿರಬೇಕೆಂದೇನೂ ಇಲ್ಲ. ನಾಲಗೆಗೆ ಗೊತ್ತಿತ್ತು, ಅಷ್ಟು ಸಾಕು.

ಇದೇ ಸಂಗತಿಯನ್ನು ಪತ್ರಿಕೆಗಳು ಹೇಗೆ ಬರೆಯುತ್ತವೆ? ‘ನಿಷ್ಠಾವಂತರ ಬಣ’, ‘ನಿಷ್ಠೆ ಬದಲಿಸಿದ ಶಾಸಕ’, ‘ಹೈಕಮಾಂಡಿಗೆ ನಿಷ್ಠೆ ಪ್ರದರ್ಶನ’. ನಿಷ್ಠೆಯೆಂಬ ಒಳ್ಳೆಯ ಪದ ಬಳಸಿ ಬಳಸಿ ಸವೆದುಹೋಗಿದೆ. ಕಾಯಕನಿಷ್ಠೆ, ವ್ರತನಿಷ್ಠೆ ಎನ್ನುವಾಗ ಅದಕ್ಕೊಂದು ತೂಕವಿತ್ತು. ಈಗ ‘ಇಂಥವರ ನಿಷ್ಠ’ ಎಂದರೆ ಇಂಥವರ ಹಿಂದೆ ನಿಂತು ಫೋಟೊದಲ್ಲಿ ಕಾಣಿಸುವವನು ಎಂದಷ್ಟೇ ಅರ್ಥ. ಬದಲಿಸಬಹುದಾದದ್ದನ್ನು ನಿಷ್ಠೆ ಎಂದು ಕರೆಯುವುದೇ ತಪ್ಪು. ನಮ್ಮ ಕಡೆಯ ಹೆಣ್ಣುಮಕ್ಕಳು ಹೇಳುವ ‘ನಿಯತ್ತು’ ಇದಕ್ಕಿಂತ ಗಟ್ಟಿ ಪದ. ‘ನಿಯತ್ತು ಬದಲಿಸಿದ’ ಎಂದು ಯಾರೂ ಹೇಳುವುದಿಲ್ಲ. ನಿಯತ್ತು ಇರುತ್ತದೆ, ಇಲ್ಲವೇ ಇರುವುದಿಲ್ಲ.

ಹಳಗನ್ನಡದವರಿಗೆ ಈ ವಿಷಯದಲ್ಲಿ ಮೂರು ಪದಗಳಿದ್ದವು: ವೇಳೆವಾಳಿ, ಲೆಂಕವಾಳಿ, ಜೋಳವಾಳಿ. ಒಡೆಯ ಸತ್ತ ದಿನ ತಾನೂ ಸಾಯುತ್ತೇನೆಂದು ಮಾತು ಕೊಟ್ಟವನದು ವೇಳೆವಾಳಿ. ಲೆಂಕನಾಗಿ, ಅಂದರೆ ಒಡೆಯನಿಗೆ ತನ್ನನ್ನೇ ಒಪ್ಪಿಸಿಕೊಂಡ ಸೇವಕನಾಗಿ ನಡೆದುಕೊಳ್ಳುವುದು ಲೆಂಕವಾಳಿ. ಉಂಡ ಅನ್ನಕ್ಕೆ ತಕ್ಕಂತೆ ನಡೆಯುವುದು ಜೋಳವಾಳಿ. ಬಿಡಿಸಿ ಹೇಳಿದರೆ ಜೋಳದ ಪಾಳಿ. ಎಂ. ಚಿದಾನಂದಮೂರ್ತಿಯವರು ಶಾಸನಗಳನ್ನು ಸೋಸಿ ಈ ಮೂರರ ಲೋಕವನ್ನು ವಿವರವಾಗಿ ತೆರೆದಿಟ್ಟಿದ್ದಾರೆ. ವೇಳೆವಾಳಿಗೆ ಸಾಕ್ಷಿ ಬೇಕಾದವರು ಹಳೇಬೀಡಿಗೆ ಹೋಗಿ ಕುವರಲಕ್ಷ್ಮನ ಕಂಬದ ಮುಂದೆ ನಿಲ್ಲಬೇಕು. 1220ರಲ್ಲಿ ವೀರಬಲ್ಲಾಳ ತೀರಿಕೊಂಡಾಗ ಅವನೊಂದಿಗೆ ಪ್ರಾಣ ಬಿಟ್ಟ ದಂಡನಾಯಕನ ಕಂಬ ಅದು. ಕೈ ಮುಗಿಯುತ್ತೇನೆ, ಆದರೆ ಅದು ನನಗೆ ಬೇಕಾದ ಪದವಲ್ಲ. ಒಡೆಯನೊಂದಿಗೆ ಸಾಯುವವನಿಗೆ ಒಡೆಯನೇ ಲೋಕ. ಜೋಳದ ಪಾಳಿಯಲ್ಲಿ ಒಡೆಯನ ಆಚೆಗೆ ಜೋಳವಿದೆ, ಜೋಳದ ಆಚೆಗೆ ಅದನ್ನು ಬೆಳೆದವನಿದ್ದಾನೆ. ಪಂಪನ ಭಾರತದಲ್ಲೂ ಈ ಪದವಿದೆ. ಪಂಪ ಸ್ವತಃ ಅರಿಕೇಸರಿಯ ಆಸ್ಥಾನದಲ್ಲಿ ಉಂಡು, ಅವನಿಗಾಗಿ ಕತ್ತಿ ಹಿಡಿದವನು. ಅವನ ತಾಯಿಯ ತವರು ಅಣ್ಣಿಗೇರಿ ನರಗುಂದಕ್ಕೆ ದೂರದ ಊರೇನಲ್ಲ.

‘ಜೋಳದ’ ಎಂಬ ಮಾತಿಗೆ ವಿವರಣೆ ಬೇಡ. ನರಗುಂದ, ರೋಣಗಳ ಎರೆ ಹೊಲದಲ್ಲಿ ಹಿಂಗಾರಿಗೆ ಬಿಳಿಜೋಳ ನಿಂತದ್ದನ್ನು ಕಂಡವರಿಗೆ ಅದು ಗೊತ್ತೇ ಇದೆ. ಇಲ್ಲಿ ಅನ್ನ ಎಂದರೆ ರೊಟ್ಟಿ. ನನ್ನ ತಕರಾರು ‘ಪಾಳಿ’ಯ ಬಗ್ಗೆ. ನಿಘಂಟುಗಳು ಅದಕ್ಕೆ ಕ್ರಮ, ಕಟ್ಟಳೆ, ಧರ್ಮ ಎಂದು ಅರ್ಥ ಕೊಟ್ಟು ಮುಂದೆ ಹೋಗುತ್ತವೆ. ನಾನು ಮುಂದೆ ಹೋಗಲಾರೆ. ನಮ್ಮ ಊರುಗಳಲ್ಲಿ ಪಾಳೆ ಇಂದಿಗೂ ಬದುಕಿರುವ ಪದ. ಹಿಟ್ಟಿನ ಗಿರಣಿಗೆ ಹೋದರೆ ಪಾಳೆ ಹಚ್ಚಬೇಕು. ರೇಷನ್ ಅಂಗಡಿಯಲ್ಲಿ ಪಾಳೆ, ದವಾಖಾನೆಯಲ್ಲಿ ಪಾಳೆ. ಮಲಪ್ರಭಾ ಕಾಲುವೆಯ ನೀರು ಹೊಲಕ್ಕೆ ಹಾಯುವುದೂ ಪಾಳೆಯ ಮೇಲೆಯೇ. ಗಿರಣಿಯ ಮುಂದೆ ಸಾಲಾಗಿ ಇಟ್ಟ ಡಬ್ಬಿಗಳನ್ನು ನೋಡಬೇಕು. ಒಂದರ ಮೇಲೆ ಮುಚ್ಚಳವಿಲ್ಲದೆ ಅರಿವೆ ಕಟ್ಟಿರುತ್ತದೆ, ಇನ್ನೊಂದಕ್ಕೆ ಹಿಡಿಕೆ ಹರಿದು ಸುತ್ತಲಿ ಬಿಗಿದಿರುತ್ತದೆ. ಮನೆಯಾಕೆ ಡಬ್ಬಿ ಇಟ್ಟು ಮನೆಗೆ ಹೋಗಿ ಒಲೆ ಹಚ್ಚಿ ಬಂದರೂ ಅವಳ ಜಾಗ ಹೋಗುವುದಿಲ್ಲ. ಡಬ್ಬಿಯೇ ಅವಳ ಪರವಾಗಿ ನಿಂತಿರುತ್ತದೆ. ಹಿಂದಿನ ಡಬ್ಬಿಯನ್ನು ಯಾರಾದರೂ ಮುಂದೆ ಸರಿಸಿದರೆ ಇಡೀ ಗಿರಣಿ ಬಾಯಿ ಮಾಡುತ್ತದೆ: “ಪಾಳೆ ತಪ್ಪಸಬ್ಯಾಡ್ರಿ!”

ನನ್ನ ವಾದ ಇದು: ಜೋಳದ ಪಾಳಿಯ ಪಾಳಿ ಮತ್ತು ಗಿರಣಿಯ ಪಾಳೆ ಎರಡೂ ಒಂದೇ. ಮರಾಠಿಯಲ್ಲೂ ಪಾಳಿ ಇದೆ, ಸಂಸ್ಕೃತದಲ್ಲಿ ಸಾಲು ಎಂಬರ್ಥದ ಪಾಲಿ ಇದೆ. ಎಲ್ಲಿಂದ ಎಲ್ಲಿಗೆ ಬಂತೆಂಬ ಜಗಳ ಪಂಡಿತರಿಗಿರಲಿ. ನನಗೆ ಮುಖ್ಯವಾದದ್ದು ಅದರೊಳಗಿನ ಬುದ್ಧಿ. ಉಣ್ಣುವಾಗ ನಿನ್ನ ಪಾಳೆ ಇತ್ತು, ಉಂಡೆ. ಈಗ ಕೊಡುವ ಪಾಳೆ ಬಂದಿದೆ, ಎದ್ದು ನಿಲ್ಲು. ನಿಷ್ಠೆಯನ್ನು ಮನಸ್ಸಿನೊಳಗಿನ ಭಾವವೆಂದು ನಮ್ಮ ಹಿರಿಯರು ತಿಳಿಯಲಿಲ್ಲ. ಬಂದೇ ಬರುವ, ತಪ್ಪಿಸಿದರೆ ಊರೆಲ್ಲ ನೋಡುವ ಸರದಿಯೆಂದು ತಿಳಿದರು. ಬಸ್ಸಿನ ಹಿರಿಯರ ಮಾತಿನ ಕಸುವು ಇಲ್ಲೇ ಇದೆ. ಅವರು ‘ದ್ರೋಹ ಮಾಡಿದ’ ಎನ್ನಲಿಲ್ಲ, ಪಾಳೆ ಬಂದಾಗ ಇರಲಿಲ್ಲ ಎಂದರು. ಇಂಥ ಪದವನ್ನು ಇಂದಿನ ಹುಡುಗರು ಬಿಟ್ಟು ಲೈನು, ಕ್ಯೂ, ಶಿಫ್ಟು ಎನ್ನುತ್ತಾರೆ. ರಾತ್ರಿ ಪಾಳಿ ಹೋಗಿ ನೈಟ್ ಶಿಫ್ಟ್ ಬಂತು. ಕ್ಯೂನಲ್ಲಿ ನಿಂತವನು ತೆಗೆದುಕೊಂಡು ಹೊರಟುಹೋಗುತ್ತಾನೆ. ಪಾಳೆಯಲ್ಲಿ ನಿಂತವನಿಗೆ ಕೊಡುವ ಸರದಿಯೂ ಇರುತ್ತದೆ.

ಜೋಳವಾಳಿ ಎಂಬ ಪದ ಆಡುಮಾತಿನಿಂದ ಮರೆಯಾಯಿತು. ಅದರ ಬುದ್ಧಿಯನ್ನು ಒಂದು ಗಾದೆ ಎತ್ತಿಕೊಂಡಿತು: ಉಂಡ ಮನೆಯ ಜಂತಿ ಎಣಿಸಬಾರದು. ಈ ಗಾದೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಶಾಲೆಗಳಲ್ಲಿ ಜಂತಿ ಎಂದರೇನೆಂದು ಕೇಳಿದರೆ ಮಕ್ಕಳಿರಲಿ, ಗುರುಗಳೂ ತಡವರಿಸುತ್ತಾರೆ. ಎಲ್ಲರ ಮನೆಗೂ ಆರ್‌ಸಿಸಿ ಬಂದಿದೆ, ಎಣಿಸಲು ಜಂತಿಯೇ ಇಲ್ಲ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮ ಕಡೆಯ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯಿಂದ ತೊಲೆಗೆ ಅಡ್ಡಲಾಗಿ ಒತ್ತೊತ್ತಾಗಿ ಜಂತಿ. ಅದರ ಮೇಲೆ ಕಟ್ಟಿಗೆಯ ಚಕ್ಕೆ, ಸೊಪ್ಪು, ಆಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಸವುಳು ಮಣ್ಣು ಹೊತ್ತು ತಂದು ಮಾಳಿಗೆಗೆ ಹರವಿ ತುಳಿಯಬೇಕು. ನಡುವೆ ಒಂದು ಬೆಳಕಿಂಡಿ. ಎರಡು ತೊಲೆಗಳ ನಡುವಿನ ಜಾಗಕ್ಕೆ ಅಂಕಣ ಎಂದು ಹೆಸರು. ಮನೆಯ ಅಳತೆಯನ್ನು ಹೇಳುತ್ತಿದ್ದದ್ದು ಅಡಿ ಗಜಗಳಲ್ಲಲ್ಲ, ಅಂಕಣಗಳಲ್ಲಿ. ಐದಂಕಣದ ಮನೆ, ಎಂಟಂಕಣದ ಮನೆ ಎಂದರೆ ಆ ಮನೆಯವರ ಹೊಲ, ದನ, ಹಗೇವು ಎಲ್ಲದರ ಅಂದಾಜೂ ಸಿಗುತ್ತಿತ್ತು.

ಈಗ ಉಣ್ಣಲು ಬಂದವನನ್ನು ನೋಡಿ. ಬಿಸಿರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಕೆನೆಮೊಸರು. ಉಂಡು ಕೈ ತೊಳೆದ ಮೇಲೆ ಪಡಸಾಲೆಯಲ್ಲಿ ಕಂಬಳಿ ಹಾಸಿಕೊಡುತ್ತಾರೆ. ಅಡ್ಡಾದವನ ಕಣ್ಣು ಎಲ್ಲಿಗೆ ಹೋಗಬೇಕು? ಜಂತಿಗೇ ಹೋಗುತ್ತದೆ. ನೋಡುವುದು ತಪ್ಪಲ್ಲ, ಎಣಿಸಬಾರದು. ಎಣಿಸಲು ಶುರು ಮಾಡಿದ ಕೂಡಲೇ ಅವನು ಅತಿಥಿಯಾಗಿ ಉಳಿಯಲಿಲ್ಲ. ಈ ಮನೆ ಎಷ್ಟು ಬಾಳುತ್ತದೆ, ಇದರಲ್ಲಿ ಎಷ್ಟು ತೇಗವಿದೆ, ಎಷ್ಟು ಬೇವಿದೆ, ಯಾವ ಜಂತಿಗೆ ಗೆದ್ದಲು ಹತ್ತಿದೆ ಎಂದು ಲೆಕ್ಕ ಹಾಕುವವನಾದ. ಹೊಟ್ಟೆಯಲ್ಲಿ ಆ ಮನೆಯ ರೊಟ್ಟಿ ಇನ್ನೂ ಕರಗಿಲ್ಲ, ತಲೆಯಲ್ಲಿ ಆ ಮನೆಯ ಬೆಲೆ ಕಟ್ಟಿಯಾಯಿತು. ಗಾದೆ ಅವನನ್ನು ಆ ಗಳಿಗೆಯಲ್ಲೇ ಹಿಡಿಯುತ್ತದೆ. ಅವನು ಇನ್ನೂ ಏನೂ ಕದ್ದಿಲ್ಲ, ಯಾರಿಗೂ ಏನೂ ಹೇಳಿಲ್ಲ. ಕಾನೂನಿನ ಕಣ್ಣಿನಲ್ಲಿ ಅವನು ನಿರಪರಾಧಿ, ನಮ್ಮ ಅಜ್ಜಿಯರ ಕಣ್ಣಿನಲ್ಲಿ ಅಲ್ಲ. ಇದರ ಮುಂದಿನ ಮೆಟ್ಟಿಲಿಗೆ ಬೇರೆ ಗಾದೆಯೇ ಇದೆ: ಉಂಡ ಮನೆಯ ಗಳ ಹಿರಿಯಬಾರದು. ಮೊದಲು ಎಣಿಕೆ, ಆಮೇಲೆ ಹಿರಿಯುವುದು. ಪಕ್ಷ ಒಡೆಯುವವರ, ಸರಕಾರ ಉರುಳಿಸುವವರ ಚರಿತ್ರೆಯೆಲ್ಲ ಈ ಎರಡು ಗಾದೆಗಳ ನಡುವೆ ಇದೆ ಎಂದು ನಾನು ನಂಬಿದ್ದೇನೆ. 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿಸಿ ಪಕ್ಷಾಂತರಕ್ಕೆ ತಡೆ ಹಾಕಿದರು. ಗಳ ಹಿರಿದವನನ್ನು ಅದು ಹಿಡಿಯಬಲ್ಲದು. ಜಂತಿ ಎಣಿಸುತ್ತ ಮಲಗಿದವನನ್ನು ಯಾವ ಅನುಸೂಚಿಯೂ ಹಿಡಿಯಲಾರದು.

ಉಂಡ ಅನ್ನವೇ ಕೊರಳಿಗೆ ಉರುಳಾಗುವ ಕಥೆಯೂ ನಮ್ಮಲ್ಲಿದೆ. ರೋಣಕ್ಕೆ ದ್ರೋಣಪುರವೆಂಬ ಹಳೆಯ ಹೆಸರನ್ನು ಜನ ಹೇಳುತ್ತಾರೆ. ಅಲ್ಲಿನ ಹಳೆಯ ಗುಡಿಗಳನ್ನು ದ್ರೋಣಾಚಾರ್ಯರ ಹೆಸರಿಗೆ ಸೇರಿಸುತ್ತಾರೆ. ಚರಿತ್ರೆ ಒಪ್ಪಲಿ ಬಿಡಲಿ, ಈ ಮಾತಿನಲ್ಲಿ ನನಗೊಂದು ಔಚಿತ್ಯ ಕಾಣುತ್ತದೆ. ದ್ರೋಣ ಮನಸ್ಸಿನಲ್ಲಿ ಪಾಂಡವರ ಪಕ್ಷ, ಹೊಟ್ಟೆಯಲ್ಲಿ ಕೌರವರ ಅನ್ನ. ಪಾಳೆ ಬಂದಾಗ ಅನ್ನದ ಕಡೆ ನಿಂತ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಳಿತು ಬರೆದ ಕುಮಾರವ್ಯಾಸನ ಕರ್ಣನೂ ಅಷ್ಟೇ. ಹುಟ್ಟಿನ ಗುಟ್ಟು ತಿಳಿದ ಮೇಲೂ ಉಂಡ ಮನೆ ಬಿಡಲಿಲ್ಲ. ಅವರನ್ನು ನಾವು ಪ್ರೀತಿಸುತ್ತೇವೆ, ಅವರಿಗಾಗಿ ಅಳುತ್ತೇವೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಹಸ್ತಿನಾವತಿಯ ಉಗ್ರಾಣದ ಅಕ್ಕಿ ದುರ್ಯೋಧನನದೇ? ಅದನ್ನು ಬೆಳೆದವರು ಬೇರೆ. ದುರ್ಯೋಧನ ಬಡಿಸಿದ, ಅಷ್ಟೇ. ಬಡಿಸಿದ ಕೈಯನ್ನು ಬೆಳೆದ ಕೈಯೆಂದು ತಿಳಿದದ್ದರಿಂದ ಅಂಥ ದೊಡ್ಡವರು ಅಂಥ ಸಣ್ಣ ಪಕ್ಷದಲ್ಲಿ ನಿಲ್ಲಬೇಕಾಯಿತು.

ಈ ಪ್ರಶ್ನೆ ನರಗುಂದವನ್ನು ಎರಡು ಸಲ ಕಾಡಿದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈ ಸಂಸ್ಥಾನ ಪುಣೆಗೂ ಶ್ರೀರಂಗಪಟ್ಟಣಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಹೈದರ್ ಕಾಲದಲ್ಲಿ ಮೈಸೂರಿಗೆ ಕಪ್ಪ ಕೊಡುತ್ತಿದ್ದ ಭಾವೆ ಮನೆತನದ ವೆಂಕಟರಾಯ, ಟಿಪ್ಪು ಹೆಚ್ಚು ಕೇಳಿದಾಗ ಪುಣೆಯ ಕಡೆ ನೋಡಿದ. 1785ರಲ್ಲಿ ಟಿಪ್ಪುವಿನ ಸೇನೆ ಕೋಟೆಗೆ ಮುತ್ತಿಗೆ ಹಾಕಿತು. ನೆರವಿಗೆ ಬಂದ ಪರಶುರಾಮಭಾವು ಪಟವರ್ಧನನ ಸೇನೆಯಿಂದ ಕೋಟೆ ಉಳಿಯಲಿಲ್ಲ. ವೆಂಕಟರಾಯ, ಅವನ ಕಾರಭಾರಿ ಕಾಳೋಪಂತ ಇಬ್ಬರೂ ಕಬ್ಬಾಳದುರ್ಗದ ಸೆರೆಗೆ ಹೋದರು. ಎರಡು ವರ್ಷದ ಮೇಲೆ, 1787ರಲ್ಲಿ, ಟಿಪ್ಪು ಮತ್ತು ಮರಾಠರ ನಡುವೆ ಗಜೇಂದ್ರಗಡದಲ್ಲಿ ಒಪ್ಪಂದವಾಯಿತು. ಬಾದಾಮಿ, ನರಗುಂದ, ಕಿತ್ತೂರುಗಳು ಮತ್ತೆ ಪುಣೆಯ ಪಾಲಾದವು. ಮೇಲಿನವರು ಒಪ್ಪಂದಕ್ಕೆ ಬಂದರೆ ಊರುಗಳ ನಿಷ್ಠೆಯೂ ಕಾಗದದ ಮೇಲೆ ಕೈ ಬದಲಾಗುತ್ತಿತ್ತು. ಬೆಳೆದವನನ್ನು ಯಾರೂ ಕೇಳಲಿಲ್ಲ.

ಅದೇ 1787ರಲ್ಲಿ ಭೂಮಿಯ ಆಚೆ ಬದಿ, ಫಿಲಡೆಲ್ಫಿಯದಲ್ಲಿ, ಅಮೆರಿಕದ ಮುಖಂಡರು ಕೂತು ಒಂದು ಸಂವಿಧಾನ ಬರೆಯುತ್ತಿದ್ದರು. ಸೆಪ್ಟೆಂಬರ್ 17ರಂದು 39 ಜನ ಅದಕ್ಕೆ ಸಹಿ ಹಾಕಿದರು. ಅಲ್ಲಿನ ಅಧ್ಯಕ್ಷನ ಪ್ರಮಾಣವಚನದಲ್ಲಿ ಯಾವ ಒಡೆಯನ ಹೆಸರೂ ಇಲ್ಲ. ಸಂವಿಧಾನವನ್ನು ಕಾಯುತ್ತೇನೆ ಎಂಬ ಮಾತಿದೆ. ಅವರೇನೂ ದೇವತೆಗಳಲ್ಲ. ಗುಲಾಮಗಿರಿಯನ್ನು ಹಾಗೇ ಉಳಿಸಿಕೊಂಡ ಸಂವಿಧಾನ ಅದು. ಗುಲಾಮರು ಬೆಳೆದದ್ದನ್ನು ಉಂಡವರಲ್ಲಿ ಹಲವರು ಅಲ್ಲಿ ಕೂತಿದ್ದರು. ಆದರೂ ಆ ನಾಡಿನ ಒಂದು ಪ್ರಸಂಗ ನನಗೆ ಬಹಳ ಪ್ರಿಯ. 1800ರ ಅಧ್ಯಕ್ಷ ಚುನಾವಣೆಯಲ್ಲಿ ಒಂದೇ ಪಕ್ಷದ ಜೆಫರ್ಸನ್ ಮತ್ತು ಆರನ್ ಬರ್ ಇಬ್ಬರಿಗೂ ಚುನಾಯಕರ 73 ಮತ ಬಿದ್ದವು. ತೀರ್ಮಾನ ಪ್ರತಿನಿಧಿಗಳ ಸಭೆಗೆ ಹೋಯಿತು. 36ನೆಯ ಸುತ್ತಿನವರೆಗೂ ಮತದಾನ ಎಳೆಯಿತು. ಎದುರಾಳಿ ಪಕ್ಷದ ಹ್ಯಾಮಿಲ್ಟನ್‌ಗೆ ಜೆಫರ್ಸನ್ ಬಹುಕಾಲದ ವೈರಿ. ವಾಷಿಂಗ್ಟನ್ನನ ಸಂಪುಟದಲ್ಲಿದ್ದಾಗಿನಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ. ಆದರೂ ಹ್ಯಾಮಿಲ್ಟನ್ ತನ್ನ ಪಕ್ಷದವರಿಗೆ ಪತ್ರದ ಮೇಲೆ ಪತ್ರ ಬರೆದು ಜೆಫರ್ಸನ್‌ನನ್ನೇ ಆರಿಸಿರೆಂದ. ಜೆಫರ್ಸನ್‌ಗೆ ತನ್ನದೆಂಬ ತತ್ವವಿದೆ, ಬರ್‌ಗೆ ತಾನೇ ಎಲ್ಲ ಎಂಬುದು ಅವನ ವಾದ. ವೈರಿಯ ನಡತೆಯನ್ನು ಗುರುತಿಸಿ ದೇಶಕ್ಕಾಗಿ ಬೆಂಬಲಿಸುವುದು ಬಹಳ ದೊಡ್ಡ ನಿಯತ್ತು. 1804ರಲ್ಲಿ ಅದೇ ಬರ್ ದ್ವಂದ್ವಯುದ್ಧದಲ್ಲಿ ಹ್ಯಾಮಿಲ್ಟನ್ನನಿಗೆ ಗುಂಡು ಹೊಡೆದ. ಮರುದಿನ ಹ್ಯಾಮಿಲ್ಟನ್ ತೀರಿಕೊಂಡ.

ನರಗುಂದದ ಎರಡನೆಯ ಪರೀಕ್ಷೆ 1858ರದು. ಆಗಿನ ದೊರೆ ಭಾಸ್ಕರರಾವ್ ಭಾವೆ, ನಮ್ಮ ಜನರ ಬಾಬಾಸಾಹೇಬ, ಓದುಗ. ಗ್ರಂಥಗಳ ದೊಡ್ಡ ಸಂಗ್ರಹ ಇಟ್ಟುಕೊಂಡಿದ್ದವರು. ಮಗನಿಲ್ಲದ ಅವರಿಗೆ ದತ್ತು ತೆಗೆದುಕೊಳ್ಳಲು ಈಸ್ಟ್ ಇಂಡಿಯಾ ಕಂಪನಿ ಅನುಮತಿ ಕೊಡಲಿಲ್ಲ. ಮೇಲೆ ಆಯುಧ ಒಪ್ಪಿಸಬೇಕೆಂಬ ಕಾನೂನು. ಮುಂಡರಗಿಯ ಭೀಮರಾಯರೊಂದಿಗೆ ಸಂಧಾನ ನಡೆದು ಬಂಡಾಯ ಎದ್ದಿತು. ಮೇ 29ರ ರಾತ್ರಿ ಸುರೇಬಾನದಲ್ಲಿ ಬೀಡುಬಿಟ್ಟಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಕೊಲೆಯಾದ. ಜೂನ್ ಮೊದಲ ವಾರಕ್ಕೇ ಕೋಟೆ ಬಿತ್ತು, ಕೊಪ್ಪಳದ ಕೋಟೆಯಲ್ಲಿ ಭೀಮರಾಯರು ಮಡಿದರು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದರು. ಅವರ ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟರು. ಅದೇ ಭಾವೆ ಮನೆತನದ ರಾಮದುರ್ಗ ಇಂಗ್ಲಿಷರ ಪಕ್ಷದಲ್ಲೇ ಉಳಿಯಿತು, 1948ರವರೆಗೆ ಸಂಸ್ಥಾನವಾಗಿ ಬಾಳಿತು.

ಇಂಗ್ಲಿಷರ ಕಾಗದಪತ್ರಗಳಲ್ಲಿ ರಾಮದುರ್ಗ ನಿಷ್ಠ, ನರಗುಂದ ದ್ರೋಹಿ. ನಿಷ್ಠೆಯ ಅಳತೆಗೋಲು ಹಿಡಿದರೆ ಆ ಲೆಕ್ಕ ಸರಿಯೇ. ಜೋಳದ ಪಾಳಿಯ ಅಳತೆಗೋಲು ಹಿಡಿಯಿರಿ, ಲೆಕ್ಕ ಬದಲಾಗುತ್ತದೆ. ಬಾಬಾಸಾಹೇಬರು ಕಂಪನಿಯ ಜೋಳ ಉಂಡವರಲ್ಲ. ನರಗುಂದದ ಎರೆ ಹೊಲದ ಜೋಳ ಉಂಡು, ಅದರಲ್ಲೇ ಕಂಪನಿಗೂ ಬಡಿಸಿದವರು. ಪಾಳೆ ಬಂದಾಗ ಅವರು ಯಾರ ಕಡೆ ನಿಂತರು ಎಂಬುದು ಗಲ್ಲಿನ ದಿನದ ದಾಖಲೆಯಲ್ಲೇ ಇದೆ. ರಾತ್ರಿ ಬಿಡಾರದ ಮೇಲೆ ಎರಗಿ ಒಬ್ಬನನ್ನು ಕೊಂದದ್ದನ್ನು ನಾನು ಶೌರ್ಯವೆಂದು ಕೊಂಡಾಡಲಾರೆ. ಆದರೆ ಅವರನ್ನು ನಿಯತ್ತಿಲ್ಲದವರೆಂದು ಕರೆಯುವ ಹಕ್ಕು ಕಂಪನಿಗೆ ಇರಲಿಲ್ಲ.

ನಮ್ಮದು ಗಣರಾಜ್ಯವಾದ ಮೇಲೆ ಈ ಪ್ರಶ್ನೆಗೆ ಉತ್ತರ ಸುಲಭವಾಗಬೇಕಿತ್ತು. ರೋಣ ತಾಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರಿಗೆ ಅದು ಸುಲಭವಾಗಿಯೇ ಇತ್ತು. ಅವರು ಕಾಂಗ್ರೆಸ್ಸಿಗರು, ಪಕ್ಷಕ್ಕಾಗಿ ದುಡಿದವರು. ಸ್ವಾತಂತ್ರ್ಯದ ನಂತರ ದಿಲ್ಲಿಯ ಹಿರಿಯರು ಏಕೀಕರಣವನ್ನು ಮುಂದೂಡುತ್ತ ಬಂದಾಗಲೂ ಅವರು ಆ ಮಾತು ಬಿಡಲಿಲ್ಲ. ಒಂದಾದ ನಾಡಿಗೆ ‘ಮೈಸೂರು’ ಎಂಬ ಹೆಸರು ಸಾಲದು, ‘ಕರ್ನಾಟಕ’ ಆಗಬೇಕೆಂದು ಪಟ್ಟು ಹಿಡಿದರು. 1973ರ ನವೆಂಬರ್ 1ರಂದು ಆ ಹೆಸರು ಬಂದಾಗ ನೋಡಲು ಅವರು ಉಳಿದಿರಲಿಲ್ಲ. ಪಕ್ಷ ಅವರಿಗೆ ಬಡಿಸಿತ್ತು, ಬೆಳೆದದ್ದು ಜನ. ಆ ವ್ಯತ್ಯಾಸ ಅವರಿಗೆ ಗೊತ್ತಿತ್ತು.

ಗೊತ್ತಿಲ್ಲದವರಿಗೆ ನರಗುಂದ 1980ರಲ್ಲಿ ಪಾಠ ಹೇಳಿತು. ಮಲಪ್ರಭೆಯ ನೀರು ಹೊಲಕ್ಕೆ ಸರಿಯಾಗಿ ಬರುವ ಮೊದಲೇ ಅಭಿವೃದ್ಧಿ ಕರ ಕಟ್ಟಿರೆಂದು ಸರಕಾರ ಕೂತಿತು. ಜುಲೈ 21ರಂದು ನರಗುಂದದಲ್ಲಿ ಗೋಲಿಬಾರಾಯಿತು. ರೈತರು ಸತ್ತರು, ಪೊಲೀಸರೂ ಪ್ರಾಣ ಕಳೆದುಕೊಂಡರು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರಕಾರ ಹೋಯಿತು. ನರಗುಂದದಲ್ಲಿ ಪ್ರತಿ ಜುಲೈ 21ಕ್ಕೆ ರೈತರು ವೀರಗಲ್ಲಿನ ಮುಂದೆ ಸೇರುತ್ತಾರೆ. ಹಿಂದೆ ಜೋಳ ಉಂಡವನು ಸತ್ತರೆ ವೀರಗಲ್ಲು ನಿಲ್ಲಿಸುತ್ತಿದ್ದರು. ಇಲ್ಲಿ ಜೋಳ ಬೆಳೆದವನಿಗೆ ನಿಲ್ಲಿಸಿದ್ದಾರೆ. ಉಂಡವರು ತಮ್ಮ ಪಾಳೆ ತಪ್ಪಿಸಿದ್ದರಿಂದ ಬೆಳೆದವನು ಸಾಯಬೇಕಾಯಿತು.

ಹಾಗಾಗಿ ಪತ್ರಿಕೆಯ ಗೆಳೆಯರಲ್ಲಿ ನನ್ನದೊಂದು ಬೇಡಿಕೆ. ‘ನಿಷ್ಠಾವಂತ’ ಎಂದು ಬರೆಯುವ ಮುನ್ನ, ಯಾವುದಕ್ಕೆ ನಿಷ್ಠ ಎಂದು ಒಂದು ಸಲ ಕೇಳಿಕೊಳ್ಳಿ. ಶಾಸಕರು, ಮಂತ್ರಿಗಳು ಪ್ರಮಾಣ ಮಾಡುವಾಗ ಹೇಳುವುದು ಸಂವಿಧಾನಕ್ಕೆ ನಿಷ್ಠೆ ಎಂದು. ಅಲ್ಲಿ ಯಾವ ನಾಯಕನ ಹೆಸರೂ ಇಲ್ಲ, ಯಾವ ಪಕ್ಷದ ಹೆಸರೂ ಇಲ್ಲ. ನಾಯಕನಿಗೆ ಅಂಟಿಕೊಂಡವನನ್ನು ಅನುಯಾಯಿ ಎನ್ನಿ, ಬೆಂಬಲಿಗ ಎನ್ನಿ, ಹಿಂಬಾಲಕ ಎನ್ನಿ, ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಮತದಾರರಲ್ಲಿ ಇನ್ನೊಂದು ಬೇಡಿಕೆ: ಮತ ಕೇಳಲು ಬಂದವರಿಗೆ ನಮ್ಮ ಹಳೆಯ ಪದದಲ್ಲೇ ಪ್ರಶ್ನೆ ಹಾಕಿ. ಯಾರ ಜೋಳ ಉಂಡಿರಿ, ನಮ್ಮ ಪಾಳೆ ಬಂದಾಗ ಎಲ್ಲಿದ್ದಿರಿ ಎಂದು ಕೇಳಿ. ಉತ್ತರ ಕೊಡಲಾರದವರು ಮತಕ್ಕೆ ಯೋಗ್ಯರಲ್ಲ.